ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ: ಜಾರುವ ಕ್ಲಚ್‌ಗೆ ಏನು ಮಾಡಬೇಕು?

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ 1996ರ ಮಜ್ದಾ ಮಿಯಾಟಾ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಕೊಂಡೆ. 1.8 ಲೀಟರ್ ಎಂಜಿನ್, ಐದು ಗೇರು, ಓಡಿರುವುದು 1,32,000 ಮೈಲಿ. ಮನೆಯಿಂದ ಹೊರಟ ಮೊದಲ ಹದಿನೈದು ನಿಮಿಷ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಫೋರ್ಟ್ ಪಿಟ್ ಸುರಂಗ ದಾಟಿ ಗ್ರೀನ್ ಟ್ರೀ ಏರು ಹತ್ತುವಾಗ, ಐದನೇ ಗೇರಿನಲ್ಲಿ ಗಂಟೆಗೆ 50 ಮೈಲಿ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು 2500ರಿಂದ 3700ಕ್ಕೆ ಹಾರುತ್ತದೆ. ಕಾರಿನ ವೇಗ ಮಾತ್ರ ಅಷ್ಟೇ ಇರುತ್ತದೆ. ಸುಟ್ಟ ವಾಸನೆಯೂ ಬರುತ್ತದೆ. ಪೆಡಲ್ ಬಹುತೇಕ ಮೇಲೆ ಬಂದ ಮೇಲೆಯೇ ಕ್ಲಚ್ ಹಿಡಿಯುತ್ತದೆ. ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಒಂದೆರಡು ಹನಿ ಕಾಣುತ್ತದೆ. ಮಾರಿದವರು ಕ್ಲಚ್‌ನ ಮಾಸ್ಟರ್ ಸಿಲಿಂಡರನ್ನು ಇತ್ತೀಚೆಗೆ ಬದಲಿಸಿದ್ದಾಗಿ ಹೇಳಿದ್ದರು. ಗ್ಯಾರೇಜಿನವರು ಕಾರಿನ ಕೆಳಗೆ ಬಗ್ಗಿಯೂ ನೋಡದೆ ‘ಕ್ಲಚ್ ಸೆಟ್ ಹಾಕಬೇಕು’ ಎಂದರು. ಗೆಳೆಯನೊಬ್ಬ ‘ಹೇಗೂ ಬಿಚ್ಚುತ್ತೀಯ, ಇನ್ನೂ ಬಿಗಿ ಹಿಡಿತದ ಸ್ಟೇಜ್ 3 ಕ್ಲಚ್ಚನ್ನೇ ಹಾಕಿಸು’ ಎನ್ನುತ್ತಾನೆ. ಏನು ಮಾಡಲಿ? ಇದನ್ನು ನಾನೇ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು 2500 ಮತ್ತು 3700 ಎಂಬ ಎರಡು ಅಂಕಿಗಳು. ಹೆಚ್ಚಿನವರು ‘ಪಿಕಪ್ ಇಲ್ಲ’ ಎಂದಷ್ಟೇ ಬರೆಯುತ್ತಾರೆ. ಪಿಕಪ್ ಇಲ್ಲದಿರುವುದಕ್ಕೆ ಮುಚ್ಚಿಹೋದ ಏರ್ ಫಿಲ್ಟರಿನಿಂದ ಹಿಡಿದು ಅಂಟಿಕೊಂಡ ಬ್ರೇಕಿನವರೆಗೆ ಇಪ್ಪತ್ತು ಕಾರಣಗಳಿರಬಹುದು. ಅಂಕಿ ಇದ್ದರೆ ಲೆಕ್ಕ ಹಾಕಬಹುದು.

ಲೆಕ್ಕ ಹೀಗಿದೆ. ನಿಮ್ಮ ಕಾರಿನ ಐದನೇ ಗೇರಿನ ಅನುಪಾತ 0.814, ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನದು 4.10. ಎರಡನ್ನೂ ಗುಣಿಸಿದರೆ ಸುಮಾರು 3.34. ಅಂದರೆ ಎಂಜಿನ್ 3.34 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಕಂಪನಿಯ ಅಳತೆಯ 185/60ಆರ್14 ಟೈರು ಒಂದು ಸುತ್ತಿಗೆ 1.8 ಮೀಟರ್ ಸಾಗುತ್ತದೆ. ಹೀಗಾಗಿ ಪ್ರತಿ 1000 ಆರ್‌ಪಿಎಂಗೆ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗ. 50 ಮೈಲಿ ಎಂದರೆ 80 ಕಿಲೋಮೀಟರ್, ಅದಕ್ಕೆ ಬೇಕಾದದ್ದು 2500 ಆರ್‌ಪಿಎಂ. ನೀವು ಕೊಟ್ಟ ಮೊದಲ ಅಂಕಿಯೂ ಅದೇ. ಗೇರು ಹಾಕಿದ್ದು ಕ್ಲಚ್ ಹಿಡಿದಿದ್ದರೆ ಆ ವೇಗದಲ್ಲಿ ಮುಳ್ಳು 3700 ತೋರಿಸುವುದು ಹಲ್ಲಿಗೆ ಹಲ್ಲು ಕಚ್ಚಿದ ಯಂತ್ರದಲ್ಲಿ ಸಾಧ್ಯವೇ ಇಲ್ಲ. ಒಣ ರಸ್ತೆಯ ಐದನೇ ಗೇರಿನಲ್ಲಿ ಈ ಪುಟ್ಟ ಎಂಜಿನ್ ಹಿಂಚಕ್ರಗಳನ್ನು ಜಾರಿಸುವ ಮಾತೂ ದೂರ. ಆದ್ದರಿಂದ ಜಾರುತ್ತಿರುವುದು ಕ್ಲಚ್ಚೇ. ಇಷ್ಟರ ಮಟ್ಟಿಗೆ ಗ್ಯಾರೇಜಿನವರು ಹೇಳಿದ್ದು ಸರಿ.

ಅವರು ಹೇಳದೇ ಬಿಟ್ಟದ್ದು ‘ಯಾಕೆ ಜಾರುತ್ತಿದೆ’ ಎಂಬುದನ್ನು. ಆ ಪ್ರಶ್ನೆ ಕೇಳದೆ ಹೊಸ ಪ್ಲೇಟ್ ಹಾಕಿದವರು ಎರಡು ತಿಂಗಳಲ್ಲಿ ಮತ್ತೆ ಗೇರ್ ಬಾಕ್ಸ್ ಇಳಿಸಿದ್ದನ್ನು ಬಲ್ಲೆ. ಹಾಗೆ ಇಳಿಸಿದವರಲ್ಲಿ ನಾನೂ ಒಬ್ಬ, ಅದನ್ನು ಮುಂದೆ ಹೇಳುತ್ತೇನೆ.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕೊಂಡಿಯೇ ಕ್ಲಚ್: ಎಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್, ಅದಕ್ಕೆ ಒತ್ತಿ ಹಿಡಿದು ಗೇರ್ ಬಾಕ್ಸನ್ನು ತಿರುಗಿಸುವುದು ಪ್ಲೇಟ್, ಪ್ಲೇಟಿನ ಮುಖದ ಉಜ್ಜುವ ಪದರ ಲೈನಿಂಗ್, ಸ್ಪ್ರಿಂಗಿನ ಬಲದಿಂದ ಅದನ್ನು ಒತ್ತುವುದು ಪ್ರೆಷರ್ ಪ್ಲೇಟ್. ಹಳೆಯ ಕಾಲದ ಅಕ್ಕಿ ಗಿರಣಿಯನ್ನು ನೀವು ನೋಡಿದ್ದರೆ ಕ್ಲಚ್ ಅರ್ಥವಾಗುವುದು ಸುಲಭ. ಮೋಟಾರಿನಿಂದ ಗಿರಣಿಗೆ ಉದ್ದನೆಯ ಚಪ್ಪಟೆ ಬೆಲ್ಟ್ ಓಡುತ್ತಿರುತ್ತದೆ. ಭತ್ತ ಹೆಚ್ಚು ಸುರಿದ ಕೂಡಲೇ ಮೋಟಾರು ಗುಯ್‌ಗುಡುತ್ತದೆ, ಗಿರಣಿ ನಿಧಾನವಾಗುತ್ತದೆ, ರಬ್ಬರು ಸುಟ್ಟ ವಾಸನೆ ಬರುತ್ತದೆ. ಗಿರಣಿಯವನು ಆಗ ಮೂರು ವಿಷಯ ನೋಡುತ್ತಾನೆ: ಬೆಲ್ಟ್ ಸವೆದಿದೆಯೇ, ಅದಕ್ಕೆ ಎಣ್ಣೆ ತಾಗಿದೆಯೇ, ಬಿಗಿ ಸಡಿಲವಾಗಿದೆಯೇ. ನಿಮ್ಮ ಕಾರಿನಲ್ಲಿಯೂ ಇರುವುದು ಇದೇ ಮೂರು ಅನುಮಾನ. ವಿಚಿತ್ರವೆಂದರೆ ನಿಮ್ಮ ಪತ್ರದಲ್ಲಿ ಮೂರಕ್ಕೂ ಸಾಕ್ಷಿ ಇದೆ. ಮೇಲೆ ಬಂದು ಹಿಡಿಯುವ ಪೆಡಲ್ ಸವೆತದ ಕಡೆ ಬೆರಳು ತೋರಿಸುತ್ತದೆ, ನೆಲದ ಮೇಲಿನ ಹನಿ ಎಣ್ಣೆಯ ಕಡೆ, ಹೊಸ ಮಾಸ್ಟರ್ ಸಿಲಿಂಡರ್ ಮತ್ತು ಬಿಸಿಯಾದ ಮೇಲೆ ಮಾತ್ರ ಜಾರುವ ಗುಣ ಸಡಿಲ ಬಿಗಿಯ ಕಡೆ.

ಕ್ಲಚ್‌ನ ಹಿಡಿತವನ್ನು ತೀರ್ಮಾನಿಸುವುದು ನಾಲ್ಕೇ ಸಂಗತಿ: ಒತ್ತುವ ಬಲ, ಘರ್ಷಣೆಯ ಗುಣಾಂಕ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ನಿಮ್ಮ ಕಾರಿನ ಪ್ಲೇಟಿನ ವ್ಯಾಸ 215 ಮಿಲಿಮೀಟರ್, ಸರಾಸರಿ ತ್ರಿಜ್ಯ 9 ಸೆಂಟಿಮೀಟರಿನ ಆಸುಪಾಸು, ಮುಖಗಳು ಎರಡು. ಒತ್ತುವ ಬಲ 4500 ನ್ಯೂಟನ್, ಗುಣಾಂಕ 0.3 ಎಂದು ಇಟ್ಟುಕೊಳ್ಳೋಣ. ನಾಲ್ಕನ್ನೂ ಗುಣಿಸಿದರೆ 243 ನ್ಯೂಟನ್-ಮೀಟರ್ ಬರುತ್ತದೆ. ನಿಮ್ಮ ಎಂಜಿನ್ನಿನ ಗರಿಷ್ಠ ತಿರುಚುಬಲ (ಟಾರ್ಕ್) ಸುಮಾರು 155. ಅಂದರೆ ಆರೋಗ್ಯವಂತ ಕ್ಲಚ್‌ಗೆ ಧಾರಾಳವಾಗಿ ಮಿಗತೆ ಇದೆ. ಈಗ ಪ್ಲೇಟಿಗೆ ಎಣ್ಣೆಯ ಪಸೆ ತಾಗಿ ಗುಣಾಂಕ 0.15ಕ್ಕೆ ಇಳಿಯಿತು ಎನ್ನಿ. ಹಿಡಿತ 121ಕ್ಕೆ ಬೀಳುತ್ತದೆ. ಅರ್ಧ ಆಕ್ಸಿಲರೇಟರಿನಲ್ಲಿ ಕಾರು ಏನೂ ಆಗದಂತೆ ಓಡುತ್ತದೆ, ಪೂರ್ತಿ ಒತ್ತಿದ ಕ್ಷಣ ಎಂಜಿನ್ ಕ್ಲಚ್ಚನ್ನು ಮೀರಿಬಿಡುತ್ತದೆ. ಊರೊಳಗೆ ಓಡಾಡುವಾಗ ಎಷ್ಟೋ ತಿಂಗಳು ಈ ರೋಗ ಗೊತ್ತೇ ಆಗದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಮೊದಲನೇ ಗೇರಿನಲ್ಲಿ ಯಾಕೆ ಜಾರುವುದಿಲ್ಲ ಎಂದು ಕೇಳುತ್ತೀರಿ. ಗೇರು ಯಾವುದೇ ಇರಲಿ, ಕ್ಲಚ್ ಮೇಲೆ ಬೀಳುವ ಎಂಜಿನ್ನಿನ ತಿರುಚುಬಲ ಒಂದೇ. ಜಾರುವುದು ಕೆಳಗಿನ ಗೇರಿನಲ್ಲಿಯೂ ಆಗುತ್ತದೆ. ಆದರೆ ಅಲ್ಲಿ ಕಾರು ಬೇಗ ವೇಗ ಪಡೆದು ಎಂಜಿನ್ನನ್ನು ಹಿಡಿದುಬಿಡುತ್ತದೆ, ನಿಮಗೆ ತಿಳಿಯುವುದಿಲ್ಲ. ಐದನೇ ಗೇರಿನ ಏರಿನಲ್ಲಿ ಕಾರಿಗೆ ವೇಗ ಪಡೆಯಲು ಆಗದು, ಆದ್ದರಿಂದ ಜಾರುವುದು ಮುಂದುವರಿಯುತ್ತಲೇ ಇರುತ್ತದೆ.

ಅದನ್ನು ಹಾಗೆ ಮುಂದುವರಿಯಲು ಬಿಡಬೇಡಿ. ಕ್ಲಚ್ 120 ನ್ಯೂಟನ್-ಮೀಟರ್ ದಾಟಿಸುತ್ತಾ 1200 ಆರ್‌ಪಿಎಂ ಅಂತರದಲ್ಲಿ ಜಾರಿದರೆ ಅಲ್ಲಿ ಹುಟ್ಟುವ ಶಾಖ 15 ಕಿಲೋವಾಟ್. ನಮ್ಮೂರ ಸ್ನಾನದ ಮನೆಯ ಗೀಸರ್ ಎರಡು ಕಿಲೋವಾಟಿನದು. ಅಂಥ ಏಳೂವರೆ ಗೀಸರುಗಳನ್ನು ಊಟದ ತಟ್ಟೆಗಿಂತ ಚಿಕ್ಕದಾದ ಬಿಲ್ಲೆಯ ಮೇಲೆ ಒಮ್ಮೆಗೇ ಹಚ್ಚಿದಂತೆ. ಬಿಸಿಯಾದಷ್ಟೂ ಲೈನಿಂಗ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಹಿಡಿತ ಕಳೆದುಕೊಂಡಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಇವತ್ತು ಪ್ಲೇಟ್ ಮಾತ್ರ ಹೋಗಿದ್ದರೆ, ಇನ್ನೊಂದು ತಿಂಗಳು ಹೀಗೇ ಓಡಿಸಿದರೆ ಫ್ಲೈವೀಲ್ ಕೂಡ ನೀಲಿಗಟ್ಟಿ ಬಿರುಕು ಬಿಡುತ್ತದೆ. ಪರೀಕ್ಷೆ ಮುಗಿಯುವವರೆಗೆ ಕಾರನ್ನು ಹಗುರವಾದ ಕಾಲಿನಲ್ಲಿ, ಕೆಳಗಿನ ಗೇರುಗಳಲ್ಲಿ ಓಡಿಸಿ. ಗ್ರೀನ್ ಟ್ರೀ ಏರಿಗೆ ಸ್ವಲ್ಪ ದಿನ ರಜೆ ಕೊಡಿ.

ಇನ್ನು ಪರೀಕ್ಷೆ. ದುಡ್ಡು ಖರ್ಚಾಗದ್ದನ್ನು ಮೊದಲು ಮಾಡೋಣ.

ಮೊದಲ ಅನುಮಾನ ಹೊಸ ಮಾಸ್ಟರ್ ಸಿಲಿಂಡರ್ ಮೇಲೆ. ಈ ಕಾರಿನ ಕ್ಲಚ್ ಹೈಡ್ರಾಲಿಕ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ದ್ರವವನ್ನು ತಳ್ಳುತ್ತದೆ, ಗೇರ್ ಬಾಕ್ಸ್ ಬದಿಯ ಸ್ಲೇವ್ ಸಿಲಿಂಡರ್ ಫೋರ್ಕ್ ಎಂಬ ಸನ್ನೆಯನ್ನು ತಳ್ಳಿ ಕ್ಲಚ್ ಬಿಡಿಸುತ್ತದೆ. ಪೆಡಲ್ ಬಿಟ್ಟಾಗ ದ್ರವ ಒಂದು ಪುಟ್ಟ ರಂಧ್ರದ ಮೂಲಕ ಮೇಲಿನ ಡಬ್ಬಿಗೆ ಮರಳಬೇಕು. ಮಾಸ್ಟರ್ ಸಿಲಿಂಡರ್ ಬದಲಿಸಿದವರು ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಪುಶ್‌ರಾಡ್ ಎಂಬ ಸರಳನ್ನು ಬೇಕಾದ್ದಕ್ಕಿಂತ ಉದ್ದ ಹೊಂದಿಸಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆ ರಂಧ್ರ ತೆರೆಯುವುದಿಲ್ಲ. ಒಳಗೆ ಸಿಕ್ಕಿಬಿದ್ದ ದ್ರವ ಎಂಜಿನ್ನಿನ ಬಿಸಿಗೆ ಹಿಗ್ಗುತ್ತದೆ. ಹಿಗ್ಗಿದ ದ್ರವ ಕಾಣದ ಕಾಲೊಂದು ಪೆಡಲ್ ಮೇಲೆ ಇಟ್ಟಂತೆ ಕ್ಲಚ್ಚನ್ನು ಸ್ವಲ್ಪ ಬಿಡಿಸಿ ಹಿಡಿದಿರುತ್ತದೆ. ತಣ್ಣಗಿದ್ದಾಗ ಸರಿ, ಹದಿನೈದು ನಿಮಿಷದ ನಂತರ ಜಾರುವುದು ಎಂಬ ನಿಮ್ಮ ವಿವರಣೆಗೆ ಇದು ಹೊಂದುತ್ತದೆ.

ಪತ್ತೆ ಮಾಡುವುದು ಸುಲಭ. ಪೆಡಲನ್ನು ಕಾಲಿನಿಂದ ಬೇಡ, ಒಂದು ಬೆರಳಿನಿಂದ ಒತ್ತಿ. ಕೆಲವು ಮಿಲಿಮೀಟರ್ ಸಡಿಲವಾಗಿ ಚಲಿಸಿ ಆಮೇಲೆ ಪುಶ್‌ರಾಡ್ ಪಿಸ್ಟನ್ನಿಗೆ ತಾಗಿದ್ದು ಗೊತ್ತಾಗಬೇಕು. ಆ ಸಡಿಲವೇ ಇಲ್ಲದಿದ್ದರೆ ಅರ್ಧ ಕೇಸು ಬಗೆಹರಿದಂತೆ. ಉಳಿದರ್ಧಕ್ಕೆ ಕಾರು ಜಾರತೊಡಗುವಷ್ಟು ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಲೇವ್ ಸಿಲಿಂಡರಿನಿಂದ ದ್ರವ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನು ಒಂದು ಕ್ಷಣ ಸಡಿಲಿಸಿ ಬಿಗಿಮಾಡಿ. ಅದಕ್ಕೊಂದು ಕೊಳವೆ ಸಿಕ್ಕಿಸಿಕೊಂಡಿರಿ, ಬ್ರೇಕ್ ದ್ರವ ಬಣ್ಣವನ್ನು ತಿನ್ನುತ್ತದೆ, ಕಣ್ಣಿಗೆ ಕನ್ನಡಕವೂ ಇರಲಿ. ದ್ರವ ಪಿಚಕಾರಿಯಂತೆ ಚಿಮ್ಮಿ, ಆ ಕೂಡಲೇ ಮತ್ತೆ ಓಡಿಸಿದಾಗ ಜಾರುವುದು ನಿಂತಿದ್ದರೆ ಕಳ್ಳ ಸಿಕ್ಕಿಬಿದ್ದ. ಪುಶ್‌ರಾಡ್ ಸರಿಹೊಂದಿಸಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ. ಯಾರಾದರೂ ಡಬ್ಬಿಗೆ ಬ್ರೇಕ್ ದ್ರವದ ಬದಲು ಬೇರೆ ಎಣ್ಣೆ ಸುರಿದು ರಬ್ಬರ್ ಉಬ್ಬಿದ್ದರೂ ಹೀಗೇ ಆಗುತ್ತದೆ. ಆಗ ಮಾಸ್ಟರ್, ಸ್ಲೇವ್, ನಡುವಿನ ಮೆದು ಹೋಸು ಮೂರನ್ನೂ ಬದಲಿಸಬೇಕು. ದ್ರವ ಮಾತ್ರ ಬದಲಿಸಿದರೆ ಸಾಲದು.

ಪ್ರಾಮಾಣಿಕವಾಗಿ ಹೇಳುವುದಾದರೆ ಈ ಕಳ್ಳ ಅಪರೂಪ. ಹತ್ತರಲ್ಲಿ ಒಂದು ಸಲ ಸಿಕ್ಕರೆ ಹೆಚ್ಚು. ಆದರೂ ಹತ್ತು ನಿಮಿಷದ ಪರೀಕ್ಷೆಯನ್ನು ಬಿಟ್ಟು ಎರಡು ದಿನದ ಕೆಲಸಕ್ಕೆ ಕೈಹಾಕುವುದು ಸೋಮಾರಿತನ. ಅಂದಹಾಗೆ, ಮಿಯಾಟಾ ಎಂದ ಕೂಡಲೇ ‘ಸ್ಲೇವ್ ಸಿಲಿಂಡರ್ ಹೋಗಿದೆ’ ಎನ್ನುವವರು ಬಹಳ. ಸ್ಲೇವ್ ಸೋರುವುದು ಈ ಕಾರಿನ ಹುಟ್ಟುಗುಣವೆಂಬುದು ನಿಜ. ಆದರೆ ಸೋರುವ ಸ್ಲೇವ್ ಕ್ಲಚ್ಚನ್ನು ಜಾರಿಸುವುದಿಲ್ಲ. ಅದು ಕ್ಲಚ್ ಬಿಡಿಸಲಾಗದೆ ಒದ್ದಾಡುತ್ತದೆ: ಪೆಡಲ್ ನೆಲಕ್ಕೆ ಕುಸಿಯುತ್ತದೆ, ಗೇರು ಹಾಕುವಾಗ ಕರಕರ ಎನ್ನುತ್ತದೆ. ಹಿಡಿಯದ ಕ್ಲಚ್ ಬೇರೆ, ಬಿಡದ ಕ್ಲಚ್ ಬೇರೆ. ಈ ಎರಡನ್ನು ಕಲಸಿದವರ ಸಲಹೆಯನ್ನು ನಯವಾಗಿ ಪಕ್ಕಕ್ಕಿಡಿ.

ಎರಡನೆಯದು ಎಣ್ಣೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅತಿ ಹೆಚ್ಚು ತಪ್ಪು ತೀರ್ಮಾನಗಳು ಆಗುವುದು ಇಲ್ಲಿಯೇ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಗಂಟೆಯಾಕಾರದ ಕವಚದ ಕೆಳತುದಿಯಿಂದ ಹನಿ ಬೀಳುತ್ತಿದ್ದರೆ ನೋಡಿದವರೆಲ್ಲ ‘ರಿಯರ್ ಮೇನ್ ಸೀಲ್’ ಎನ್ನುತ್ತಾರೆ. ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ಆ ಸೀಲ್ ಸೋರಬಹುದು, ನಿಜ. ಆದರೆ ನಿಮ್ಮ ತಲೆಮಾರಿನ ಮಿಯಾಟಾದಲ್ಲಿ ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಎಂಬುದೊಂದು ಇದೆ. ಅದರ ಸುತ್ತಲಿನ ಪುಟ್ಟ ರಬ್ಬರ್ ಉಂಗುರ ವಯಸ್ಸಾದ ಮೇಲೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಎಣ್ಣೆ ಬಿಡತೊಡಗುತ್ತದೆ. ಆ ಎಣ್ಣೆ ಎಂಜಿನ್ನಿನ ಬೆನ್ನಿನ ಮೇಲೆ ಇಳಿದು, ಕವಚದ ಹೊರಮೈ ಹಿಡಿದು, ರಿಯರ್ ಮೇನ್ ಸೀಲ್ ಸೋರಿದರೆ ಎಲ್ಲಿ ಹನಿಯಬೇಕೋ ಅದೇ ಜಾಗದಿಂದ ಹನಿಯುತ್ತದೆ. ಕೆಲವೇ ಡಾಲರಿನ ಉಂಗುರಕ್ಕಾಗಿ ಜನ ಗೇರ್ ಬಾಕ್ಸ್ ಇಳಿಸಿದ್ದಾರೆ. ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿದರೂ ದಾರಿ ಇದೇ.

ಆದ್ದರಿಂದ ಟಾರ್ಚ್ ಹಿಡಿದು ಹೆಡ್ಡಿನ ಹಿಂಭಾಗ ನೋಡಿ, ಬೆರಳು ಹಾಕಿ ಸವರಿ. ಒದ್ದೆಯಾಗಿದ್ದರೆ ಅದನ್ನು ಮೊದಲು ಸರಿಮಾಡಿ, ಎಲ್ಲವನ್ನೂ ತೊಳೆದು, ಒಂದು ವಾರ ಬಿಟ್ಟು ಮತ್ತೆ ನೋಡಿ. ಒಣಗಿದ್ದರೆ ಕವಚದ ಬದಿಯಲ್ಲಿ ಫೋರ್ಕ್ ಹೊರಬರುವ ಕಡೆ ಇರುವ ಬೂಟ್ ಎಂಬ ರಬ್ಬರ್ ಮುಚ್ಚಳವನ್ನು ಸರಿಸಿ ಒಳಗೆ ಇಣುಕಿ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಎಂಡೋಸ್ಕೋಪ್ ಸಾಕು. ಒಳಗೆ ಬೂದಿಯಂಥ ಒಣ ಪುಡಿ ಕಂಡರೆ ಸವೆತ, ಕಪ್ಪು ಕೆಸರು ಕಂಡರೆ ಎಣ್ಣೆ. ಆ ಕೆಸರನ್ನು ಬೆರಳಿಗೆ ತೆಗೆದುಕೊಂಡು ಮೂಸಿ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಬಂದರೆ ಅದು ಗೇರ್ ಎಣ್ಣೆ, ಅಂದರೆ ಸೋರುತ್ತಿರುವುದು ಗೇರ್ ಬಾಕ್ಸಿನ ಮುಂದಿನ ಸೀಲ್. ಅಂಥ ವಾಸನೆ ಇಲ್ಲದ ಕಪ್ಪೆಣ್ಣೆಯಾದರೆ ಎಂಜಿನ್ನಿನದು. ಮೂಗು ಮೆಕ್ಯಾನಿಕ್‌ನ ಅರ್ಧ ವಿದ್ಯೆ.

ನನ್ನ ಕಥೆ ಇಲ್ಲಿಯದೇ. ವೃತ್ತಿಯ ಆರಂಭದ ದಿನಗಳಲ್ಲಿ ಒಬ್ಬರ ಕಾರಿಗೆ ಹೊಸ ಪ್ಲೇಟ್ ಹಾಕಿದೆ. ಹಳೆಯ ಪ್ಲೇಟಿನಲ್ಲಿ ನಡುವಿನಿಂದ ಅಂಚಿನತ್ತ ಕಪ್ಪು ಗೆರೆಗಳು ಸಿಡಿದಿದ್ದವು. ಕಂಡೆ, ಆದರೆ ಸಂಜೆಯಾಗಿತ್ತು, ಸೀಲ್ ಅಂಗಡಿಯಲ್ಲಿರಲಿಲ್ಲ, ‘ಒರೆಸಿದರೆ ಸಾಕು’ ಎಂದುಕೊಂಡೆ. ಎರಡು ತಿಂಗಳಿಗೆ ಅವರು ಅದೇ ವಾಸನೆಯ ಕಾರಿನೊಂದಿಗೆ ಬಂದು ನಿಂತರು. ಎರಡನೇ ಸಲದ ಕೂಲಿ ಕೇಳುವ ಮುಖ ನನಗಿರಲಿಲ್ಲ.

ಮೂರನೆಯದು ಸರಳ ಸವೆತ. ಪ್ಲೇಟ್ ತೆಳುವಾದಂತೆ ಅದನ್ನು ಒತ್ತುವ ಡಯಾಫ್ರಂ ಸ್ಪ್ರಿಂಗಿನ ಬೆರಳಿನಂಥ ತುದಿಗಳು ಗೇರ್ ಬಾಕ್ಸ್ ಕಡೆಗೆ ಸರಿಯುತ್ತವೆ, ಕ್ಲಚ್ ಹಿಡಿಯುವ ಜಾಗ ಪೆಡಲಿನಲ್ಲಿ ಮೇಲೇರುತ್ತದೆ. ಕೊನೆಗೆ ಸ್ಪ್ರಿಂಗ್ ತನ್ನ ಒತ್ತಡ ಕುಗ್ಗುವ ಹಂತ ತಲುಪುತ್ತದೆ. ಉದ್ದದ ಪುಶ್‌ರಾಡಿನಿಂದಲೂ ಹಿಡಿಯುವ ಜಾಗ ಮೇಲೇರುವುದರಿಂದ ಇದೊಂದನ್ನೇ ನಂಬಬೇಡಿ. ಆದರೆ ಬೆರಳಿನ ಪರೀಕ್ಷೆಯಲ್ಲಿ ಸಡಿಲ ಸರಿಯಾಗಿದ್ದೂ ಪೆಡಲ್ ಮೇಲೆಯೇ ಹಿಡಿಯುತ್ತಿದ್ದರೆ ಪ್ಲೇಟ್ ಮುಗಿದಿದೆ ಎಂದು ಧೈರ್ಯವಾಗಿ ಹೇಳಬಹುದು. ಅದು ಮೂಲ ಪ್ಲೇಟೇ ಆಗಿದ್ದರೆ 1,32,000 ಮೈಲಿ ಓಡಿದ್ದಕ್ಕೆ ಅದಕ್ಕೊಂದು ನಮಸ್ಕಾರ ಹಾಕಿ.

ಕೈ ಬ್ರೇಕ್ ಎಳೆದು, ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಪೂರ್ತಿ ಸತ್ತ ಕ್ಲಚ್ಚನ್ನು ಅದು ತೋರಿಸುತ್ತದೆ, ನಿಮ್ಮಂಥ ಅರೆಜೀವದ್ದನ್ನು ತೋರಿಸುವುದಿಲ್ಲ. ನೀವು ರಸ್ತೆಯಲ್ಲಿ ಮಾಡಿದ ಪರೀಕ್ಷೆ ಅದಕ್ಕಿಂತ ಮೇಲು.

ಬಾಜಿ ಕಟ್ಟು ಎಂದರೆ ನಾನು ಸವೆತಕ್ಕೆ ಕಟ್ಟುತ್ತೇನೆ, ಎಣ್ಣೆಯ ಹನಿಯನ್ನು ಕ್ಯಾಮ್ ಸೆನ್ಸರಿನ ಉಂಗುರದ ಲೆಕ್ಕಕ್ಕೆ ಬರೆಯುತ್ತೇನೆ. ಅಂದರೆ ಗೇರ್ ಬಾಕ್ಸ್ ಇಳಿಯಲೇಬೇಕು.

ನೀವೇ ಮಾಡಬಹುದೇ? ಮಾಡಬಹುದು. ಎಂಜಿನ್ ಮುಂದೆ, ಓಡುವ ಚಕ್ರ ಹಿಂದೆ ಇರುವ ಸರಳ ಕಾರು ಇದು. ಹಿಂದೆ ಎಂಜಿನ್ ಇರುವ ಪೋರ್ಷೆಯೋ ಮಧ್ಯದಲ್ಲಿರುವ ಫೆರಾರಿಯೋ ಆಗಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಒಂದು ವಾರಾಂತ್ಯ, ನಾಲ್ಕು ಗಟ್ಟಿ ಸ್ಟ್ಯಾಂಡುಗಳು, ಒಂದು ಗೇರ್ ಬಾಕ್ಸ್ ಜಾಕ್ ಮತ್ತು ಬೈಸಿಕೊಂಡರೂ ಬೇಸರಿಸದ ಒಬ್ಬ ಗೆಳೆಯ ಬೇಕು. ಸ್ಟೇಜ್ 3 ಎಂದವನನ್ನೇ ಕರೆಯಿರಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಚಳಿಗಾಲದಲ್ಲಿ ಉಪ್ಪು ಸುರಿಯುವ ಊರಿನ ಕಾರು ನಿಮ್ಮದು, ಅಂಚಿನ ಜಾಕ್ ಹಾಕುವ ಜಾಗಗಳು ತುಕ್ಕು ಹಿಡಿದು ಟೊಳ್ಳಾಗಿವೆಯೇ ಎಂದು ತಟ್ಟಿ ನೋಡಿ. ಸೈಲೆನ್ಸರ್ ಕೊಳವೆಯ ನಟ್ಟುಗಳಿಗೆ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ.

ಬಿಚ್ಚುವ ಕ್ರಮಕ್ಕೆ ಕಂಪನಿಯ ಕೈಪಿಡಿ ಇದೆ. ಅದು ಒತ್ತಿ ಹೇಳದ್ದನ್ನು ಮಾತ್ರ ಹೇಳುತ್ತೇನೆ. ಗೇರ್ ಲಿವರನ್ನು ಕಾರಿನ ಒಳಗಿನಿಂದ ತೆಗೆಯುವಾಗ ಅದರ ಬುಡದ ರಬ್ಬರ್ ಬೂಟುಗಳು ಹರಿದಿರುವುದು ಖಚಿತ, ಮೊದಲೇ ತರಿಸಿಟ್ಟುಕೊಳ್ಳಿ. ಗೇರ್ ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಚಾಚಿದ ಅಲ್ಯುಮಿನಿಯಂ ತೊಲೆಯನ್ನು ಬಿಡಿಸುವ ಮೊದಲು ಎರಡೂ ತುದಿಗೆ ಆಧಾರ ಕೊಡಿ. ಮರಳಿ ಕೂರಿಸುವಾಗ ಅದರ ಎತ್ತರವನ್ನು ಕೈಪಿಡಿಯಂತೆ ಅಳೆದೇ ಬಿಗಿಮಾಡಿ, ಇಲ್ಲದಿದ್ದರೆ ಕಾರು ಕಂಪಿಸುತ್ತದೆ, ನೀವು ಹೊಸ ಕ್ಲಚ್ಚನ್ನು ಬೈಯುತ್ತೀರಿ. ಕವಚದ ಮೇಲಿನ ಬೋಲ್ಟುಗಳಿಗೆ ಮೊಳದುದ್ದದ ಎಕ್ಸ್‌ಟೆನ್ಷನ್ ಬೇಕು. ಗೇರ್ ಬಾಕ್ಸ್ 35 ಕಿಲೋ ಆಸುಪಾಸಿನದು. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಇಪ್ಪತ್ತರ ಹುಡುಗರಿಗೆ ಬಿಡಿ.

ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ.

ಈಗ ಹಳೆಯ ಪ್ಲೇಟನ್ನು ಬೆಳಕಿಗೆ ಹಿಡಿಯಿರಿ. ಎರಡೂ ಮುಖ ಸಮನಾಗಿ ಸವೆದು ರಿವೆಟ್ ತಲೆಗಳು ಮೇಲ್ಮೈಗೆ ಬಂದಿದ್ದರೆ ವಯೋಸಹಜ ಸಾವು. ರಿವೆಟ್ ತಲೆಯ ಮೇಲೆ ಲೈನಿಂಗ್ 0.3 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಮಜ್ದಾ ಲೆಕ್ಕದಲ್ಲಿ ಅದು ಮುಗಿದಂತೆ. ಫ್ಲೈವೀಲ್ ಕಡೆಯ ಮುಖ ಎಣ್ಣೆಯಾಗಿದ್ದರೆ ಎಂಜಿನ್ ಸೀಲ್, ಗೇರ್ ಬಾಕ್ಸ್ ಕಡೆಯದು ಎಣ್ಣೆಯಾಗಿದ್ದರೆ ಅದರ ಸೀಲ್. ಪ್ಲೇಟ್ ದಪ್ಪವಾಗಿಯೂ ಒಣಗಿಯೂ ಇದ್ದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದನ್ನು ಯಾವುದೋ ಬಲ ಅರ್ಧ ಬಿಡಿಸಿ ಹಿಡಿದಿತ್ತು: ಹೈಡ್ರಾಲಿಕ್ಕನ್ನು ಮತ್ತೆ ವಿಚಾರಿಸಿ, ಇಲ್ಲವೇ ಹಿಂದಿನ ಮಾಲೀಕರ ಕಾಲನ್ನು.

ಫ್ಲೈವೀಲನ್ನು ತೆಗೆದು ಮಷೀನ್ ಶಾಪಿಗೆ ಕೊಟ್ಟು ಮುಖ ಸಾಣೆ ಹಿಡಿಸಿ. ಕಣ್ಣಿಗೆ ಚೆನ್ನಾಗಿ ಕಂಡರೂ ಕೊಡಿ, ಕಾದು ಗಟ್ಟಿಯಾದ ಕಲೆಗಳ ಮೇಲೆ ಹೊಸ ಪ್ಲೇಟ್ ನಡುಗುತ್ತದೆ. ಅದು ಹೊರಗಿರುವಾಗ ರಿಯರ್ ಮೇನ್ ಸೀಲ್ ಬದಲಿಸಿ. ಒಣಗಿರುವ ಸೀಲನ್ನು ಮುಟ್ಟಬೇಡಿ ಎನ್ನುವ ಅನುಭವಿಗಳಿದ್ದಾರೆ, ಅವರ ವಾದದಲ್ಲಿ ಹುರುಳಿಲ್ಲದಿಲ್ಲ, ಓರೆಯಾಗಿ ಕೂತ ಹೊಸ ಸೀಲ್ ಹಳೆಯದಕ್ಕಿಂತ ಬೇಗ ಸೋರುತ್ತದೆ. ಆದರೆ 1996ರ ರಬ್ಬರನ್ನು ನಾನು ಒಳಗೆ ಬಿಟ್ಟು ಮುಚ್ಚಲಾರೆ. ಅಂಚಿಗೆ ಸಮನಾಗಿ, ಸುತ್ತಲೂ ಒಂದೇ ಆಳಕ್ಕೆ ಕೂರಿಸಿ, ಕ್ರ್ಯಾಂಕ್‌ಶಾಫ್ಟಿಗೆ ಗೀರು ಬೀಳದಂತೆ ಹಳೆಯದನ್ನು ತೆಗೆಯಿರಿ. ಫ್ಲೈವೀಲ್ ನಡುವೆ ಗೇರ್ ಬಾಕ್ಸ್ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗನ್ನು ಹಿಂದಿನಿಂದ ತಟ್ಟಿದರೆ ಹೊರಬರುತ್ತದೆ. ಫ್ಲೈವೀಲ್ ತೆಗೆಯದೆ ಈ ಬೇರಿಂಗ್ ಕೀಳುವವರು ಅದರ ತೂತಿಗೆ ಒದ್ದೆ ಬ್ರೆಡ್ ತುರುಕಿ ಸರಳಿನಿಂದ ಬಡಿಯುತ್ತಾರೆ, ಬ್ರೆಡ್ಡಿನ ಒತ್ತಡಕ್ಕೆ ಬೇರಿಂಗ್ ತಾನೇ ಹೊರಗೆ ನೆಗೆಯುತ್ತದೆ. ರಾಗಿ ಮುದ್ದೆಯೂ ಕೆಲಸ ಮಾಡೀತು ಎಂಬುದು ನನ್ನ ಬಹುದಿನದ ಅನುಮಾನ.

ಫ್ಲೈವೀಲಿನ ಬೋಲ್ಟುಗಳನ್ನು 96ರಿಂದ 103 ನ್ಯೂಟನ್-ಮೀಟರಿಗೆ, ಪ್ರೆಷರ್ ಪ್ಲೇಟಿನವನ್ನು 18ರಿಂದ 26ಕ್ಕೆ, ಒಂದನ್ನೇ ಪೂರ್ತಿ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಹೊಸ ಪ್ರೆಷರ್ ಪ್ಲೇಟಿಗೆ ತುಕ್ಕು ಹಿಡಿಯದಿರಲೆಂದು ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆಯುವುದನ್ನು ಮರೆತರೆ ನೀವು ದುಡ್ಡು ಕೊಟ್ಟು ಹಳೆಯ ರೋಗವನ್ನೇ ತಂದುಕೊಂಡಂತೆ. ಗೇರ್ ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸನ್ನು ಕುಂಕುಮ ಇಟ್ಟಷ್ಟೇ ಸವರಿ, ಹೆಚ್ಚಾದದ್ದು ತಿರುಗುವಾಗ ಸಿಡಿದು ಲೈನಿಂಗಿಗೆ ಅಂಟುತ್ತದೆ. ಪ್ಲೇಟಿನ ಯಾವ ಬದಿ ಫ್ಲೈವೀಲಿಗೆ ಎಂಬುದನ್ನು ಎರಡು ಸಲ ನೋಡಿ. ನಡುವಿಗೆ ಸರಿಹೊಂದಿಸುವ ಪ್ಲಾಸ್ಟಿಕ್ ಕಡ್ಡಿ ಸೆಟ್ಟಿನಲ್ಲಿಯೇ ಬರುತ್ತದೆ.

ಗೇರ್ ಬಾಕ್ಸನ್ನು ಏರಿಸುವಾಗ ಅರ್ಧ ಸಿಕ್ಕಿಸಿ ಚಹಾ ಕುಡಿಯಲು ಹೋಗಬೇಡಿ. ಅದರ ಭಾರವೆಲ್ಲ ಪ್ಲೇಟಿನ ನಡುವಿನ ಮೇಲೆ ನೇತಾಡಿ ಹೊಸ ಪ್ಲೇಟ್ ಬಾಗುತ್ತದೆ. ಬಾಗಿದ ಪ್ಲೇಟ್ ಚೆನ್ನಾಗಿ ಹಿಡಿಯುತ್ತದೆ, ಬಿಡುವುದಿಲ್ಲ. ಬೋಲ್ಟ್ ಬಿಗಿದು ಕವಚವನ್ನು ಎಳೆದುಕೊಳ್ಳುವುದೂ ಬೇಡ. ಸರಿಯಾಗಿ ಹೊಂದಿದ ಗೇರ್ ಬಾಕ್ಸ್ ಕೈಬಲಕ್ಕೇ ಒಳಗೆ ಜಾರುತ್ತದೆ. ಕೊನೆಗೆ ಗೇರ್ ಬಾಕ್ಸಿಗೆ ಎರಡು ಲೀಟರ್ 75ಡಬ್ಲ್ಯೂ-90, ಜಿಎಲ್-4 ದರ್ಜೆಯ ಎಣ್ಣೆ.

ಸ್ಟೇಜ್ 3 ವಿಷಯ. ಸ್ಟೇಜ್ ಎಂಬುದು ಯಾವ ಮಾನದಂಡವೂ ಅಲ್ಲ, ಒಂದೊಂದು ಕಂಪನಿ ಒಂದೊಂದು ಅರ್ಥದಲ್ಲಿ ಬಳಸುವ ಮಾರಾಟದ ಪದ. ಸಾಮಾನ್ಯವಾಗಿ ಅದರಲ್ಲಿ ಬಿಗಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟೂ ಬಿಲ್ಲೆ ಬಿಲ್ಲೆಯಾದ ಸೆರಾಮಿಕ್ ಲೈನಿಂಗೂ ಇರುತ್ತವೆ. ಟರ್ಬೊ ಕೂರಿಸಿ 300 ನ್ಯೂಟನ್-ಮೀಟರ್ ಹೊರಡಿಸುವವರಿಗೆ ಅದು ಬೇಕು. ನಿಮ್ಮ 155ಕ್ಕೆ ಮೂಲ ದರ್ಜೆಯ ಕ್ಲಚ್ಚೇ ಒಂದೂವರೆ ಪಟ್ಟು. ಸೆರಾಮಿಕ್ಕಿಗೆ ಮೆಲ್ಲಗೆ ಹಿಡಿಯುವುದು ಗೊತ್ತಿಲ್ಲ, ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಪಿಟ್ಸ್‌ಬರ್ಗಿನ ಏರಿನಲ್ಲಿ ಕೆಂಪು ದೀಪಕ್ಕೆ ನಿಂತು ಹೊರಡುವಾಗೆಲ್ಲ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ, ಎಡಗಾಲು ನೋಯುತ್ತದೆ, ಪೆಡಲ್ ಒತ್ತಿದಷ್ಟು ಸಲವೂ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲೆ ಹೆಚ್ಚಿನ ಹೊರೆ. ಪ್ಲೇಟ್, ಪ್ರೆಷರ್ ಪ್ಲೇಟ್, ಫೋರ್ಕ್ ತಳ್ಳುವ ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಬರುವ ಎಕ್ಸೆಡಿಯ ಮೂಲ ದರ್ಜೆಯ ಸೆಟ್ ತನ್ನಿ. ಉಳಿದ ದುಡ್ಡಿಗೆ ಒಳ್ಳೆಯ ಟೈರು ಕೊಂಡರೆ ಕಾರು ಹೆಚ್ಚು ಖುಷಿ ಕೊಡುತ್ತದೆ.

ಹೊಸ ಕ್ಲಚ್ ಕೂತ ಮೇಲೆ ಮೊದಲ 500 ಮೈಲಿ ಊರೊಳಗೆ, ನಿಂತು ಹೊರಡುತ್ತಾ ಓಡಿಸಿ. ಹೆದ್ದಾರಿಯ 500 ಮೈಲಿ ಲೆಕ್ಕಕ್ಕಿಲ್ಲ, ಅಲ್ಲಿ ಕ್ಲಚ್ ಉಜ್ಜುವುದೇ ಇಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನ ಹಿಂದೆ ನಿಂತು ಕಾರನ್ನು ಹಾಫ್ ಕ್ಲಚ್‌ನಲ್ಲಿ ತೂಗುವ ಅಭ್ಯಾಸ ನಿಮಗೂ ಇದ್ದೀತು. ಅದನ್ನು ಈ ಕಾರಿನ ಮೇಲೆ ತೋರಿಸಬೇಡಿ, ಕೈ ಬ್ರೇಕ್ ಇರುವುದು ಅದಕ್ಕೇ. ಓಡುವಾಗ ಎಡಗಾಲನ್ನು ಪೆಡಲ್ ಮೇಲೆ ಒರಗಿಸಬೇಡಿ.

ಆಮೇಲೆ ಸುರಂಗ ದಾಟಿ ಅದೇ ಏರು, ಅದೇ ಐದನೇ ಗೇರು, ಅದೇ 50 ಮೈಲಿ. ಪೂರ್ತಿ ಒತ್ತಿ. ಮುಳ್ಳು 2500ರಿಂದ ವೇಗದ ಮುಳ್ಳಿನ ಜೊತೆಜೊತೆಗೇ ಮೇಲೇರಬೇಕು, 60 ಮೈಲಿ ತಲುಪಿದಾಗ 3000ದ ಹತ್ತಿರ ಇರಬೇಕು. ಹಾಗಲ್ಲದಿದ್ದರೆ ಮತ್ತೆ ಬರೆಯಿರಿ, ಹಳೆಯ ಪ್ಲೇಟಿನ ಎರಡೂ ಬದಿಯ ಚಿತ್ರ ಜೊತೆಗಿರಲಿ.